ಹನ್ನೊಂದು ಅಲಾರಾಂ: ಲಿನಕ್ಸ್ ಕಂಪ್ಯೂಟರಿನ ವೋಲ್ಟೇಜ್ ಮಿತಿಗಳನ್ನು ಓದುವ ಬಗೆ

ಆಷಾಢದ ಒಂದು ರಾತ್ರಿ ಶಿರಸಿ ಹತ್ತಿರದ ಹಳ್ಳಿಯಿಂದ ಅಕ್ಕನ ಮಗ ಒಂದು ಫೋಟೊ ಕಳಿಸಿದ. ಅವನ ಡೆಸ್ಕ್‌ಟಾಪಿನ ಪರದೆ ಅದು. ಟರ್ಮಿನಲ್ ಕಿಟಕಿಯಲ್ಲಿ ಹದಿನೈದು ಸಾಲು ವೋಲ್ಟೇಜ್, ಅವುಗಳಲ್ಲಿ ಹನ್ನೊಂದರ ತುದಿಗೆ ‘ಅಲಾರಾಂ’ ಎಂಬ ಮಾತು. ಅದರ ಬೆನ್ನಿಗೇ ಧ್ವನಿ ಸಂದೇಶ: “ಮಾವ, ಎಂತ ಆಜು ಹೇಳಿ ಗೊತ್ತಾಗ್ತಿಲ್ಲೆ. ಎಲ್ಲಾ ಕಡೆಗೂ ಅಲಾರಾಂ ಹೇಳಿ ಬತ್ತು. ಕರೆಂಟು ಹೋಗಿ ಬಂದು ಮಾಡಿ ಎಸ್‌ಎಂಪಿಎಸ್ ಹಾಳಾಗೋಜು ಕಾಣ್ತು. ಹೊಸಾದು ತಗಳವ?”

ತಗೊಳ್ಳಬೇಡ, ಬೆಳಿಗ್ಗೆ ನೋಡೋಣ ಎಂದೆ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜುಗಳಾಗಿ ಬದಲಿಸಿಕೊಡುವ ಪೆಟ್ಟಿಗೆ. ನಾನಿರುವುದು ಕುಮಟಾದಲ್ಲಿ, ಕಂಪ್ಯೂಟರ್ ರಿಪೇರಿಯೇ ಕಸುಬು. ಲಿನಕ್ಸ್ ಹಾಕಿಸಿಕೊಂಡವರು ಬೋರ್ಡಿನ ಅಳತೆಗಳನ್ನು ತೋರಿಸುವ ‘ಸೆನ್ಸರ್ಸ್’ ಆಜ್ಞೆಯನ್ನು ಮೊದಲ ಸಲ ಕೊಟ್ಟಾಗ ಇದೇ ಗಾಬರಿಯಿಂದ ಫೋನು ಮಾಡುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಆ ಫೋಟೊದ ಒಂದು ಸಾಲನ್ನು ಹತ್ತಿರದಿಂದ ನೋಡಿ. ‘ಇನ್4: +1.01 ವೋಲ್ಟ್, ಮಿನ್ = +0.00, ಮ್ಯಾಕ್ಸ್ = +0.00, ಅಲಾರಾಂ’. ಕಣ್ಣು ನೇರ ಕೊನೆಯ ಪದಕ್ಕೆ ಹೋಗುತ್ತದೆ. ಆದರೆ ವಿಷಯ ಇರುವುದು ನಡುವಿನ ಎರಡು ಸೊನ್ನೆಗಳಲ್ಲಿ. ಕನಿಷ್ಠ ಸೊನ್ನೆ, ಗರಿಷ್ಠವೂ ಸೊನ್ನೆ. ಸೊನ್ನೆಗಿಂತ ಒಂದು ಕೂದಲೆಳೆ ಮೇಲಿದ್ದರೂ ಮಿತಿ ಮೀರಿದ ಹಾಗೆಯೇ. ಒಂದು ವೋಲ್ಟ್ ಇರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವ ಚಿಪ್ ವಿಚಾರ ಮಾಡಿಲ್ಲ, ಮಾಡುವುದೂ ಇಲ್ಲ. ಅದು ಎರಡು ಅಂಕಿಗಳನ್ನು ಹೋಲಿಸಿದೆ, ಅಷ್ಟೇ. ಹಾಗಾಗಿ ಅಲಾರಾಂ ಕಂಡಾಗ ಮೊದಲು ಕೇಳಬೇಕಾದದ್ದು ‘ಯಾವ ಭಾಗ ಹಾಳಾಯಿತು’ ಎಂದಲ್ಲ. ‘ಈ ಮಿತಿಯನ್ನು ಬರೆದವರು ಯಾರು’ ಎಂದು ಕೇಳಬೇಕು.

ಹೆಚ್ಚಿನ ಬೋರ್ಡುಗಳಲ್ಲಿ ಯಾರೂ ಬರೆದಿರುವುದಿಲ್ಲ.

ಡೆಸ್ಕ್‌ಟಾಪ್ ಮದರ್‌ಬೋರ್ಡಿನ ಮೂಲೆಯಲ್ಲಿ ‘ಸೂಪರ್ ಐಓ’ ಎಂಬ ಚಿಪ್ ಇರುತ್ತದೆ. ಹಿಂದೆ ಪ್ರಿಂಟರ್ ಪೋರ್ಟು, ಸೀರಿಯಲ್ ಪೋರ್ಟು, ಕೀಬೋರ್ಡು ನೋಡಿಕೊಳ್ಳಲು ಬಂದ ಚಿಪ್ ಅದು. ಈಗ ಫ್ಯಾನಿನ ವೇಗ, ಶಾಖ, ವೋಲ್ಟೇಜ್ ಅಳೆಯುವುದೇ ಅದರ ದೊಡ್ಡ ಕೆಲಸ. ನಮ್ಮಲ್ಲಿ ಸಿಗುವ ಬೋರ್ಡುಗಳಲ್ಲಿ ಬಹುಪಾಲು ನುವೋಟನ್ ಅಥವಾ ಐಟಿಇ ಕಂಪನಿಯ ಚಿಪ್ ಇರುತ್ತದೆ. ಅಳಿಯನ ಬೋರ್ಡಿನಲ್ಲಿದ್ದದ್ದು ನುವೋಟನ್‌ನ ಎನ್‌ಸಿಟಿ6779. ಇದಕ್ಕೆ ಹದಿನೈದು ವೋಲ್ಟೇಜ್ ಕಾಲುಗಳು, ಇನ್0ಯಿಂದ ಇನ್14ರವರೆಗೆ. ಒಂದೊಂದು ಕಾಲಿಗೂ ಚಿಪ್ಪಿನೊಳಗೆ ಅಳತೆಯ ಖಾನೆ ಒಂದು, ಕನಿಷ್ಠ ಮಿತಿಯ ಖಾನೆ ಒಂದು, ಗರಿಷ್ಠ ಮಿತಿಯ ಖಾನೆ ಒಂದು. ಅಳತೆ ಮಿತಿಯಾಚೆ ಹೋದರೆ ಚಿಪ್ ಒಂದು ಬಿಟ್ (ಹೌದು-ಅಲ್ಲ ಎಂಬ ಗುರುತು) ಎತ್ತಿಡುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿ ಚಿಪ್ಪಿನೊಡನೆ ಮಾತಾಡುವ ಡ್ರೈವರ್ ಆ ಖಾನೆಗಳನ್ನು ಓದಿ ಮಿಲಿವೋಲ್ಟ್ ಲೆಕ್ಕದಲ್ಲಿ ಫೈಲುಗಳಾಗಿ ಮುಂದಿಡುತ್ತದೆ. ‘ಸೆನ್ಸರ್ಸ್’ ಆಜ್ಞೆ ಆ ಫೈಲುಗಳನ್ನು ನಮಗೆ ಓದಿ ಹೇಳುತ್ತದೆ. ಈ ಸರಪಳಿಯಲ್ಲಿ ಲಿನಕ್ಸ್ ತಾನಾಗಿ ಯಾವ ಮಿತಿಯನ್ನೂ ಕಲ್ಪಿಸಿಕೊಳ್ಳುವುದಿಲ್ಲ. ಬೋರ್ಡು ತಯಾರಿಸಿದವರು ತಮ್ಮ ಬಯಾಸ್ (ಕಂಪ್ಯೂಟರ್ ಎದ್ದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಪರದೆಗೆ ಬೇಕಾದ ಲೆಕ್ಕವನ್ನು ಬಯಾಸಿನಲ್ಲೇ ಇಟ್ಟುಕೊಂಡು, ಚಿಪ್ಪಿನ ಮಿತಿ ಖಾನೆಗಳನ್ನು ಖಾಲಿ ಬಿಟ್ಟರೆ ಅಲ್ಲಿ ಸೊನ್ನೆಯೇ ಉಳಿಯುತ್ತದೆ.

ಇನ್ನೊಂದು ಸಮಾಧಾನದ ಮಾತು: ಈ ವೋಲ್ಟೇಜ್ ಅಲಾರಾಂ ಕಂಪ್ಯೂಟರನ್ನು ಆಫ್ ಮಾಡುವುದಿಲ್ಲ. ಬೀಪ್ ಸದ್ದು ಚಾಲೂ ಇದ್ದರೆ ಕೂಗಬಹುದು. ಪ್ರೊಸೆಸರ್ ಕಾದಾಗ ನಿಲ್ಲಿಸುವ ವ್ಯವಸ್ಥೆ ಬೇರೆಯದೇ.

ಹಾಗಿದ್ದರೆ ಅಲಾರಾಂ ಇದ್ದುಕೊಳ್ಳಲಿ ಬಿಡಿ, ಏನೀಗ ಎನ್ನಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಕಡಲು ಕೆಡುವ ಸೂಚನೆ ಬಂದಾಗ ಕಾರವಾರ ಬಂದರಿನಲ್ಲಿ ಮೂರನೇ ನಂಬರಿನ ಸಂಕೇತ ಏರಿಸುತ್ತಾರೆ. ಅದನ್ನು ವರ್ಷವಿಡೀ ಇಳಿಸದೆ ಬಿಟ್ಟರೆ ಯಾವ ದೋಣಿಯವರು ತಲೆಯೆತ್ತಿ ನೋಡಿಯಾರು? ಸುಳ್ಳು ಅಲಾರಾಮುಗಳ ಕೇಡು ಇದೇ. ನಿಜವಾದದ್ದು ಬಂದ ದಿನ ಅದೂ ಈ ಗುಂಪಿನಲ್ಲೇ ನಿಂತಿರುತ್ತದೆ.

ಈಗ 1.01 ವೋಲ್ಟ್ ಎಂದರೇನು ನೋಡೋಣ. ಎಸ್‌ಎಂಪಿಎಸ್‌ನಿಂದ ಬರುವುದು 12, 5, 3.3 ವೋಲ್ಟ್. ಒಂದು ವೋಲ್ಟಿನ ತಂತಿಯೇ ಅಲ್ಲಿಲ್ಲ. ಚಿಪ್ಪಿನ ಅಳೆಯುವ ಭಾಗ ಎಂಟು ಬಿಟ್‌ನದು, ಅಂದರೆ 0ಯಿಂದ 255ರವರೆಗೆ ಎಣಿಸಬಲ್ಲದು. ಒಂದೊಂದು ಎಣಿಕೆಗೆ 8 ಮಿಲಿವೋಲ್ಟ್. 255ನ್ನು 8ರಿಂದ ಗುಣಿಸಿದರೆ 2.04 ವೋಲ್ಟ್, ಅದರಾಚೆ ಅದಕ್ಕೆ ಅಳೆಯಲು ಬರುವುದಿಲ್ಲ. 12 ವೋಲ್ಟನ್ನು ನೇರ ಕೊಟ್ಟರೆ ಚಿಪ್ ಸುಟ್ಟೇಹೋಗುತ್ತದೆ. ಅದಕ್ಕಾಗಿ ಬೋರ್ಡಿನವರು ಎರಡು ರೋಧಕಗಳನ್ನು ಸಾಲಾಗಿ ಕೂರಿಸಿ, ನಡುವಿನಿಂದ ಒಂದು ಪಾಲನ್ನು ಮಾತ್ರ ಚಿಪ್ಪಿಗೆ ಬಿಡುತ್ತಾರೆ. ತೋಟಕ್ಕೆ ಹೊಳೆಯನ್ನೇ ತಿರುಗಿಸದೆ ಕಾಲುವೆಯಲ್ಲಿ ಒಂದಿಷ್ಟು ನೀರು ತಂದುಕೊಂಡ ಹಾಗೆ. ಕಾಲುವೆಯ ನೀರು ನೋಡಿ ಹೊಳೆಯ ಲೆಕ್ಕ ಹೇಳಬೇಕಾದರೆ ಎಷ್ಟನೇ ಪಾಲು ಎಂದು ಗೊತ್ತಿರಬೇಕು. ಆ ಪಾಲು ಬೋರ್ಡಿನಿಂದ ಬೋರ್ಡಿಗೆ ಬೇರೆ. 56 ಕಿಲೋಓಮ್ ಮತ್ತು 10 ಕಿಲೋಓಮ್ ಜೋಡಿ ಹಾಕಿದರೆ 6.6ರಲ್ಲಿ ಒಂದು ಪಾಲು. ಕೆಲವು ಬೋರ್ಡುಗಳಲ್ಲಿ 12ರಲ್ಲಿ ಒಂದು. ಸುಮಾರು 4 ವೋಲ್ಟಿನವರೆಗೆ ಅಳೆಯಬಲ್ಲ ಐಟಿಇ ಚಿಪ್ ಇರುವ ಹಳೆಯ ಬೋರ್ಡುಗಳಲ್ಲಿ 30 ಮತ್ತು 10ರ ಜೋಡಿಯಿಂದ ನಾಲ್ಕರಲ್ಲಿ ಒಂದು. ಲಿನಕ್ಸಿಗೆ ಇದನ್ನು ಹೇಳುವವರು ಯಾರೂ ಇಲ್ಲ, ಆದ್ದರಿಂದ ಅದು ಕಾಲುವೆಯ ನೀರನ್ನೇ ತೋರಿಸುತ್ತದೆ.

ಪಾಲು ಕಂಡುಹಿಡಿಯುವ ಸುಲಭ ದಾರಿ ಬಯಾಸ್. ಮರುದಿನ ಬೆಳಿಗ್ಗೆ ಅಳಿಯನಿಗೆ ಮಷೀನು ರೀಸ್ಟಾರ್ಟ್ ಮಾಡಿ ಬಯಾಸಿನ ಹಾರ್ಡ್‌ವೇರ್ ಮಾನಿಟರ್ ಪುಟ ತೆರೆಯಲು ಹೇಳಿದೆ. ಅಲ್ಲಿ 12 ವೋಲ್ಟಿನ ಮುಂದೆ 12.096, 5 ವೋಲ್ಟಿನ ಮುಂದೆ 5.040 ಇತ್ತು. ಲಿನಕ್ಸಿಗೆ ಮರಳಿ ‘ಸೆನ್ಸರ್ಸ್ ಮೈನಸ್ ಯು’ ಕೊಟ್ಟರೆ ಮೂರು ದಶಮಾಂಶದವರೆಗೆ ಅಂಕಿ ಸಿಗುತ್ತದೆ. ಇನ್1 ಮತ್ತು ಇನ್4 ಎರಡೂ 1.008. ಹನ್ನೆರಡರಿಂದ ಗುಣಿಸಿ: 12.096. ಐದರಿಂದ ಗುಣಿಸಿ: 5.040. ಬಯಾಸಿನ ಅಂಕಿ ಕೊನೆಯ ಸ್ಥಾನದವರೆಗೂ ಕೂಡಿಬಂತು. ಹೀಗೆ ಕೂಡಿಬಂದಾಗ ನನಗೆ ಇಂದಿಗೂ ಖುಷಿಯಾಗುತ್ತದೆ. ಕಂಪನಿ ಬಚ್ಚಿಟ್ಟ ಹಾಗೆ ಕಾಣುವ ವಿಷಯ ಕಾಗದದ ಮೇಲಿನ ಒಂದು ಗುಣಾಕಾರಕ್ಕೆ ಸಿಕ್ಕಿಬಿಡುತ್ತದೆ.

ಆದರೆ ಎರಡೂ 1.008 ಆದರೆ 12 ಯಾವುದು, 5 ಯಾವುದು? ಅಂಕಿಗಳಷ್ಟರಿಂದ ಹೇಳಲಾಗದು. ಎಲ್‌ಎಂ-ಸೆನ್ಸರ್ಸ್ ಯೋಜನೆಯವರು (‘ಸೆನ್ಸರ್ಸ್’ ಆಜ್ಞೆ ಇವರದೇ) ಬೋರ್ಡಿನ ಮಾದರಿವಾರು ಬರೆದ ಸಂರಚನೆಗಳ ಒಂದು ಸಂಗ್ರಹ ಇಟ್ಟಿದ್ದಾರೆ. ಅದರಲ್ಲಿ ಹುಡುಕಿದಾಗ ಅವನ ಬೋರ್ಡಿನಲ್ಲಿ ಇನ್1 ಐದು ವೋಲ್ಟಿನದು, ಇನ್4 ಹನ್ನೆರಡರದು ಎಂದು ಗೊತ್ತಾಯಿತು. ನಿಮ್ಮ ಬೋರ್ಡು ಅಲ್ಲಿಲ್ಲದಿದ್ದರೆ ಊಹಿಸಿ ಬರೆಯುವುದಕ್ಕಿಂತ ಆ ಸಾಲನ್ನು ಹಾಗೇ ಬಿಡುವುದು ಲೇಸು.

ಇದನ್ನೆಲ್ಲ ಬರೆಯುವ ಜಾಗ ‘ಇಟಿಸಿ’ಯೊಳಗಿನ ‘ಸೆನ್ಸರ್ಸ್ ಡಾಟ್ ಡಿ’ ಫೋಲ್ಡರ್. ಪಕ್ಕದಲ್ಲೇ ‘ಸೆನ್ಸರ್ಸ್3 ಡಾಟ್ ಕಾನ್ಫ್’ ಎಂಬ ದೊಡ್ಡ ಫೈಲ್ ಇರುತ್ತದೆ, ಅದನ್ನು ಮುಟ್ಟಬೇಡಿ. ಪ್ಯಾಕೇಜ್ ಹೊಸದಾದಾಗ ನಿಮ್ಮ ಬರಹ ಅಳಿಸಿಹೋಗಬಹುದು. ಫೋಲ್ಡರಿನಲ್ಲಿ ನಿಮ್ಮದೇ ಒಂದು ಹೊಸ ಫೈಲ್ ಮಾಡಿ. ಮೊದಲ ಸಾಲು ‘ಚಿಪ್’ ಎಂದು ಶುರುವಾಗಿ ಚಿಪ್ಪಿನ ಹೆಸರು ಹೇಳುತ್ತದೆ. ‘ಎಚ್‌ಡಬ್ಲ್ಯೂಮಾನ್2’ ಎಂದು ಕರ್ನೆಲ್ ಕೊಡುವಂಥ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ, ಡ್ರೈವರುಗಳು ಏಳುವ ಕ್ರಮ ಬದಲಾದರೆ ಅದೂ ಬದಲಾಗುತ್ತದೆ. ಆಮೇಲೆ ‘ಲೇಬಲ್’ ಸಾಲಿನಲ್ಲಿ ಇನ್4ಕ್ಕೆ ‘+12 ವೋಲ್ಟ್’ ಎಂದು ಹೆಸರಿಡಬಹುದು. ‘ಕಂಪ್ಯೂಟ್’ ಸಾಲಿನಲ್ಲಿ ಎರಡು ಸೂತ್ರ ಬೇಕು: @*12, @/12. ಇಲ್ಲಿ @ ಎಂದರೆ ಮೂಲ ಅಂಕಿ. ಮೊದಲನೆಯದು ಚಿಪ್ಪಿನ ಅಂಕಿಯನ್ನು ನಮಗೆ ತೋರಿಸುವಾಗ, ಎರಡನೆಯದು ನಾವು ಹೇಳಿದ ಮಿತಿಯನ್ನು ಚಿಪ್ಪಿಗೆ ಬರೆಯುವಾಗ. ಕೊನೆಗೆ ‘ಸೆಟ್’ ಸಾಲುಗಳಲ್ಲಿ ಕನಿಷ್ಠ, ಗರಿಷ್ಠ.

ಎಷ್ಟು ಬರೆಯಬೇಕು? ಎಟಿಎಕ್ಸ್ ಎಸ್‌ಎಂಪಿಎಸ್‌ಗಳಿಗೆ ರೂಢಿಯಲ್ಲಿರುವ ಮಿತಿ 12, 5, 3.3 ವೋಲ್ಟ್ ಮೂರಕ್ಕೂ ಶೇಕಡಾ 5ರಷ್ಟು ಆಚೀಚೆ. ಹನ್ನೆರಡಕ್ಕೆ 11.40ರಿಂದ 12.60, ಐದಕ್ಕೆ 4.75ರಿಂದ 5.25. ಪ್ರೊಸೆಸರಿನ ವೋಲ್ಟೇಜಿಗೆ ಮಾತ್ರ ಬಿಗಿಯಾದ ಮಿತಿ ಹಾಕಲು ಹೋಗಬೇಡಿ. ಸುಮ್ಮನಿದ್ದಾಗ ಕೆಳಗಿಳಿದು, ಕೆಲಸ ಬಿದ್ದಾಗ ಏರುವುದೇ ಅದರ ಸಹಜ ನಡಿಗೆ.

ಅಳಿಯ ಮೊದಲ ಸಲ ‘ಕಂಪ್ಯೂಟ್’ ಸಾಲು ಬಿಟ್ಟು ‘ಸೆಟ್’ ಮಾತ್ರ ಬರೆದಿದ್ದ. ಕನಿಷ್ಠ 11.4 ಎಂದು ಹೇಳಿದರೂ ಚಿಪ್ಪಿನ ಖಾನೆಗೆ 2.04ಕ್ಕಿಂತ ಹೆಚ್ಚು ಹಿಡಿಯದು, ಡ್ರೈವರ್ ಅಲ್ಲಿಗೇ ನಿಲ್ಲಿಸಿತು. ಅಳತೆ 1.01, ಕನಿಷ್ಠ 2.04. ಮತ್ತೆ ಅಲಾರಾಂ, ಈ ಸಲ ಕೆಳಗಿನಿಂದ. ಬಹಳ ಜನ ಮಾಡುವ ತಪ್ಪು ಇದು. ಮಿತಿ ಬರೆದರೂ ಅಲಾರಾಂ ಹೋಗಲಿಲ್ಲವೆಂದು ಕೈಬಿಟ್ಟವರನ್ನು ಕಂಡಿದ್ದೇನೆ.

ಫೈಲ್ ಬರೆದರೆ ಸಾಲದು, ‘ಸೆನ್ಸರ್ಸ್ ಮೈನಸ್ ಎಸ್’ ಕೊಡಬೇಕು. ಮಿತಿಗಳು ಚಿಪ್ಪಿಗೆ ಹೋಗುವುದು ಆಗಲೇ. ಇದಕ್ಕೆ ರೂಟ್ (ಮಷೀನಿನ ಮೇಲ್ವಿಚಾರಕನ) ಅಧಿಕಾರ ಬೇಕು, ಹಾಗಾಗಿ ಮುಂದೆ ‘ಸುಡೋ’ ಹಾಕಿ. ಚಿಪ್ಪಿಗೆ ಬರೆದದ್ದು ಕಾಯಂ ಅಲ್ಲವಾದ್ದರಿಂದ ಪ್ರತಿ ಸಲ ಕಂಪ್ಯೂಟರ್ ಎದ್ದಾಗಲೂ ಈ ಕೆಲಸ ಆಗಬೇಕು. ಹೆಚ್ಚಿನ ಲಿನಕ್ಸ್‌ಗಳಲ್ಲಿ ಎಲ್‌ಎಂ-ಸೆನ್ಸರ್ಸ್ ಹೆಸರಿನ ಸರ್ವಿಸ್ ಅದನ್ನು ಮಾಡಿಕೊಡುತ್ತದೆ, ಚಾಲೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಬರೆದ ತಕ್ಷಣ ನೋಡಿದರೆ ಅಲಾರಾಂ ಇನ್ನೂ ಉಳಿದಿರಬಹುದು. ಎತ್ತಿಟ್ಟ ಬಿಟ್ಟನ್ನು ಯಾರಾದರೂ ಒಮ್ಮೆ ಓದುವವರೆಗೆ ಹಾಗೇ ಇಟ್ಟುಕೊಳ್ಳುವುದು ಅನೇಕ ಚಿಪ್ಪುಗಳ ಪದ್ಧತಿ. ಎರಡು ಸೆಕೆಂಡು ಬಿಟ್ಟು ಇನ್ನೊಮ್ಮೆ ಓದಿ. ಎರಡನೇ ಓದಿನಲ್ಲೂ ಇದ್ದರೆ ಮಾತ್ರ ಅದು ಈಗಿನದು. ಇನ್ನೊಂದು, ನೀವು 11.40 ಎಂದು ಬರೆದರೂ ಪರದೆಯಲ್ಲಿ 11.42 ಕಾಣುತ್ತದೆ, 12.60ರ ಬದಲು 12.58. ಎಂಟು ಮಿಲಿವೋಲ್ಟಿನ ಮೆಟ್ಟಿಲು ಹನ್ನೆರಡರಿಂದ ಗುಣಿಸಿದಾಗ 96 ಮಿಲಿವೋಲ್ಟ್ ಆಗುತ್ತದೆ. ಚಿಪ್ಪಿಗೆ ನಿಲ್ಲಲು ಬರುವುದು ಮೆಟ್ಟಿಲ ಮೇಲೆ ಮಾತ್ರ, ನಡುವೆ ಜಾಗವಿಲ್ಲ. ಅಳತೆಯೂ ಅಷ್ಟೇ: 12.10ರಿಂದ 12.00ಕ್ಕೆ, ಮತ್ತೆ 12.10ಕ್ಕೆ ನೆಗೆಯುತ್ತಿದ್ದರೆ ವೋಲ್ಟೇಜ್ ಕುಣಿಯುತ್ತಿದೆ ಎಂದಲ್ಲ, ಒಂದೇ ಒಂದು ಮೆಟ್ಟಿಲ ವ್ಯತ್ಯಾಸ ಅದು.

ಯಾವುದಕ್ಕೂ ಜೋಡಿಸದೆ ಬಿಟ್ಟ ಕಾಲುಗಳೂ ಏನಾದರೊಂದು ಅಂಕಿ ತೋರಿಸುತ್ತವೆ. ಅದಕ್ಕೆ ಅರ್ಥವಿಲ್ಲ. ಅಂಥವನ್ನು ‘ಇಗ್ನೋರ್’ ಸಾಲಿನಿಂದ ಮರೆಮಾಡಿ.

ಮೊದಲ ಬಾರಿ ಚಿಪ್ ಹುಡುಕಲು ‘ಸೆನ್ಸರ್ಸ್-ಡಿಟೆಕ್ಟ್’ ಓಡಿಸುವಾಗ ಅದು ಕೇಳುವ ಪ್ರಶ್ನೆಗಳಿಗೆ ಬರೀ ಎಂಟರ್ ಒತ್ತಿ, ಅದು ತಾನೇ ಸೂಚಿಸುವ ಉತ್ತರವನ್ನೇ ಇಟ್ಟುಕೊಳ್ಳಿ. ಈ ಎಚ್ಚರಿಕೆಗೆ ಕಾರಣವಿದೆ. ಹಿಂದೊಮ್ಮೆ ಈ ಹುಡುಕಾಟದಿಂದ ಐಬಿಎಂನ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳ ಇಇಪ್ರಾಮ್ (ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಚಿಪ್) ಕೆಟ್ಟು ಮಷೀನುಗಳು ಏಳದಂತಾಗಿದ್ದವು. ಆಮೇಲೆ ಅದಕ್ಕೆ ತಡೆ ಹಾಕಿದರು. ಅಂದಹಾಗೆ ಎಲ್‌ಎಂ ಎಂಬ ಹೆಸರು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ75, ಎಲ್‌ಎಂ78 ಚಿಪ್ಪುಗಳಿಂದ ಬಂದದ್ದು. ಆ ಚಿಪ್ಪುಗಳು ಈಗ ಡೆಸ್ಕ್‌ಟಾಪುಗಳಲ್ಲಿ ಕಾಣಸಿಗುವುದೇ ಅಪರೂಪ, ಹೆಸರು ಉಳಿದಿದೆ.

ಇನ್ನು ಅಳಿಯನ ಗುಮಾನಿಗೆ ಬರುತ್ತೇನೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಲೈನು ಹರಿಯುವುದು ಹೊಸದಲ್ಲ. ಬಂದ ಕರೆಂಟೂ ಕೆಲವು ರಾತ್ರಿ 170-180 ವೋಲ್ಟಿನಲ್ಲೇ ತೆವಳುತ್ತದೆ. ಮನೆಯ ಬಲ್ಬು ಮಂದವಾದ ಹಾಗೆ ಕಂಪ್ಯೂಟರಿನ 12 ವೋಲ್ಟೂ 10ಕ್ಕೆ ಇಳಿದಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಎಸ್‌ಎಂಪಿಎಸ್ ಬಂದ ಕರೆಂಟನ್ನು ಮೊದಲು ಏಕಮುಖ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ತನ್ನ ಹೊರಬದಿಯ 12 ವೋಲ್ಟನ್ನು ತಾನೇ ಅಳೆಯುತ್ತ ತಿದ್ದಿಕೊಳ್ಳುತ್ತದೆ. 100ರಿಂದ 240 ವೋಲ್ಟ್ ಎಂದು ಬರೆದಿರುವ ಎಸ್‌ಎಂಪಿಎಸ್‌ಗೆ 170 ದೊಡ್ಡ ವಿಷಯವೇ ಅಲ್ಲ. ತೀರಾ ತಾಳಲಾಗದಾಗ ಅದು ‘ಪವರ್ ಗುಡ್’ ಎಂಬ ತಂತಿಯ ಸಂಕೇತ ಕೆಳಗಿಳಿಸುತ್ತದೆ, ಬೋರ್ಡು ಅಲ್ಲೇ ನಿಲ್ಲುತ್ತದೆ. ಅಂದರೆ ಮನೆಯ ಲೈನಿನ ತೊಂದರೆ ಕಂಪ್ಯೂಟರ್ ಥಟ್ಟನೆ ಆಫ್ ಆಗುವ ರೂಪದಲ್ಲಿ ಕಾಣುತ್ತದೆ, ಸೆನ್ಸರ್ ಸಾಲಿನಲ್ಲಿ ಮೆಲ್ಲಗೆ ಇಳಿಯುವ ಅಂಕಿಯಾಗಿ ಅಲ್ಲ.

ಮೆಲ್ಲಗೆ ಇಳಿದ ಅಂಕಿ ಕಂಡರೆ ಬೇರೆ ಕಡೆ ಹುಡುಕಬೇಕು. ಕಾರವಾರದಲ್ಲಿ ಕಡಲಿಗೆ ಮುಖ ಮಾಡಿದ ಒಂದು ಮನೆಯ ಮಷೀನು ಹೀಗೆ ನನ್ನ ಕೈಗೆ ಬಂದಿತ್ತು. 6.6ರಲ್ಲಿ ಒಂದು ಪಾಲಿನ ಬೋರ್ಡು, ಮಿತಿಗಳನ್ನು ಸರಿಯಾಗಿ ಬರೆದಾಗಿತ್ತು. ಸುಮ್ಮನಿದ್ದಾಗ ಎಲ್ಲ ಸರಿ. ವಿಡಿಯೊ ಕೆಲಸ ಶುರುವಾದೊಡನೆ 12 ವೋಲ್ಟಿನ ಸಾಲು 11.35ಕ್ಕೆ ಇಳಿದು ಅಲಾರಾಂ. ಎಸ್‌ಎಂಪಿಎಸ್‌ನಿಂದ ಬರುವ ಖಾಲಿ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ತಂತಿಗೆ ಮಲ್ಟಿಮೀಟರ್ ಹಿಡಿದೆ. 11.90. ಹೊರಟಲ್ಲಿ 11.90 ಇದ್ದದ್ದು ಬೋರ್ಡಿಗೆ ತಲುಪುವಾಗ ಅರ್ಧ ವೋಲ್ಟಿಗೂ ಹೆಚ್ಚು ಕಳೆದುಕೊಂಡಿತ್ತು. ಬೋರ್ಡಿನ ದೊಡ್ಡ 24 ಪಿನ್ನಿನ ಕನೆಕ್ಟರ್ ಕಿತ್ತು ಬೆಳಕಿಗೆ ಹಿಡಿದಾಗ ಉತ್ತರ ಕಂಡಿತು. ಹಳದಿ ತಂತಿಯ ಪಿನ್ನುಗಳ ಬಾಯಲ್ಲಿ ಹಸಿರು ಕಿಲುಬು, ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದುಗಟ್ಟಿತ್ತು. ಉಪ್ಪುಗಾಳಿಯ ಕೆಲಸ.

ಲೆಕ್ಕ ಸರಳ. ಕಿಲುಬಿನಿಂದ ಆ ಜೋಡಣೆಯಲ್ಲಿ 0.1 ಓಮ್ ರೋಧ ಹುಟ್ಟಿ, ಅದರ ಮೂಲಕ 5 ಆಂಪಿಯರ್ ಹರಿದರೆ ಅಲ್ಲೇ ಅರ್ಧ ವೋಲ್ಟ್ ಹೋಯಿತು. ಹೋದದ್ದು ಎಲ್ಲಿಗೆ? ಎರಡೂವರೆ ವ್ಯಾಟ್ ಶಾಖವಾಗಿ ಆ ಸಣ್ಣ ಪಿನ್ನಿನ ಮೇಲೇ. ಪ್ಲಾಸ್ಟಿಕ್ ಕಂದಾಗುವುದು ಇದರಿಂದ, ಹಾಗೇ ಬಿಟ್ಟರೆ ಕರಗುವುದೂ ಇದರಿಂದ. ಕರಾವಳಿಯ ಮನೆಗಳಲ್ಲಿ ಸರಿಯಾದ ಮಿತಿ ಬರೆದಿಡುವುದಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕಾಗಿ. ಪಿನ್ನು ಕರಗುವ ಮೊದಲೇ ಆ ಸಾಲು ಹೇಳಿಬಿಡುತ್ತದೆ. ಸೆನ್ಸರ್ ಅಂಕಿ ಮತ್ತು ಮಲ್ಟಿಮೀಟರ್ ಅಂಕಿ ಬೇರೆಯಾದರೆ ತಪ್ಪು ಇರುವುದು ಪಾಲಿನ ಲೆಕ್ಕದಲ್ಲೋ ಕರೆಂಟ್ ಬರುವ ದಾರಿಯಲ್ಲೋ. ಸುಮ್ಮನಿದ್ದಾಗಲೂ ಕೆಲಸದಲ್ಲಿದ್ದಾಗಲೂ ವ್ಯತ್ಯಾಸ ಅಷ್ಟೇ ಇದ್ದರೆ ಪಾಲನ್ನು ಇನ್ನೊಮ್ಮೆ ನೋಡಿ. ಕೆಲಸ ಹೆಚ್ಚಿದಂತೆ ವ್ಯತ್ಯಾಸವೂ ಬೆಳೆದರೆ ಕನೆಕ್ಟರ್ ಕಿತ್ತು ನೋಡಿ. ಮಲ್ಟಿಮೀಟರೂ 11.4ರ ಕೆಳಗೆ ತೋರಿಸಿದರೆ ಮಾತ್ರ ಎಸ್‌ಎಂಪಿಎಸ್ ಬದಲಿಸುವ ಮಾತು.

ಅಳಿಯ ತೋಟದ ಪಂಪ್‌ಸೆಟ್ ರಿಪೇರಿಯವರ ಹತ್ತಿರ ಮಲ್ಟಿಮೀಟರ್ ಇಸಿದುಕೊಂಡು ಬಂದು ಅಳೆದ. ಹಳದಿ ತಂತಿಯಲ್ಲಿ 12.07, ಕೆಂಪಿನಲ್ಲಿ 5.03. ಅವನ ಎಸ್‌ಎಂಪಿಎಸ್ ಗಟ್ಟಿಯಾಗಿತ್ತು. ಇನ್1, ಇನ್4 ಎರಡಕ್ಕೂ ಮಿತಿ ಬರೆದೆವು, ಬೋರ್ಡಿನಲ್ಲಿ ಉಪಯೋಗವಿಲ್ಲದ ಎಂಟು ಕಾಲುಗಳನ್ನು ಮರೆಮಾಡಿದೆವು. ‘ಸುಡೋ’ ಹಾಕಿ ಬರೆದು, ಎರಡು ಸಲ ಓದಿ, ಮತ್ತೆ ಫೋಟೊ ಕಳಿಸಿದ. ಈಗ ಏಳೇ ಸಾಲು.

ಅದರಲ್ಲಿ ಒಂದರ ತುದಿಗೆ ಅಲಾರಾಂ ಇನ್ನೂ ಇತ್ತು. ‘ವಿಬ್ಯಾಟ್: +2.30 ವೋಲ್ಟ್, ಮಿನ್ = +2.70, ಮ್ಯಾಕ್ಸ್ = +3.63’. ಬೋರ್ಡಿನ ಬಟನ್ ಸೆಲ್ಲಿನ ಸಾಲು ಅದು, ಚಿಪ್ ಇದನ್ನು ತನ್ನೊಳಗೇ ಅರ್ಧ ಮಾಡಿ ಅಳೆಯುತ್ತದೆ. ಮೊದಲ ರಾತ್ರಿಯ ಫೋಟೊ ತೆಗೆದು ನೋಡಿದೆ. ಅಲ್ಲೂ ಇತ್ತು, ಹನ್ನೊಂದರ ನಡುವೆ. ಆ ಸಾಲಿನ ಮಿತಿಗಳು ಮೊದಲಿನಿಂದಲೂ ಸೊನ್ನೆಯಾಗಿರಲಿಲ್ಲ. ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

“ಕರೆಂಟು ಹೋಗಿ ಬಂದಮೇಲೆ ತಾರೀಖು ತಪ್ತನ?” ಎಂದು ಕೇಳಿದೆ. ಹೌದಂತೆ. ರಾತ್ರಿಯಿಡೀ ಕರೆಂಟಿಲ್ಲದೆ ಬೆಳಿಗ್ಗೆ ಮಷೀನು ಹಾಕಿದರೆ ವರ್ಷಗಳಷ್ಟು ಹಿಂದಿನ ತಾರೀಖು, ಬ್ರೌಸರಿನಲ್ಲಿ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ತಕರಾರು, ಸ್ವಲ್ಪ ಹೊತ್ತಿಗೆ ನೆಟ್‌ನಿಂದ ಗಡಿಯಾರ ತಾನೇ ಸರಿಯಾಗುವುದು. ಇಂಟರ್ನೆಟ್ಟಿನ ತೊಂದರೆ ಎಂದುಕೊಂಡು ಎರಡು ತಿಂಗಳು ತಳ್ಳಿದ್ದ. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಬೋರ್ಡಿನ ಗಡಿಯಾರ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ವೋಲ್ಟೇಜಿನಲ್ಲಿ ನಡೆಯುತ್ತದೆ, ಕರೆಂಟ್ ಹೋದಾಗ ಮಾತ್ರ ಬಟನ್ ಸೆಲ್ ಮೇಲೆ. ಆದ್ದರಿಂದ ಸೆಲ್ ಸತ್ತದ್ದು ಮಳೆಗಾಲ ಬರುವವರೆಗೆ ಗೊತ್ತಾಗಿರಲಿಲ್ಲ.

ಸಂಜೆ ಶಿರಸಿ ಪೇಟೆಯಿಂದ ಸಿಆರ್2032 ಸೆಲ್ ತಂದು ಹಾಕಿದ. ವಿಬ್ಯಾಟ್ ಸಾಲು 3.18 ತೋರಿಸಿತು. ಏಳು ಸಾಲುಗಳಲ್ಲಿ ಯಾವುದರ ತುದಿಗೂ ಏನೂ ಇರಲಿಲ್ಲ.